ಸಹಿ ಒಪ್ಪಿಕೊಂಡೇ ಚೆಕ್ ಕೇಸ್ ನಡೆಸುವುದು: ನನ್ನ ಅನುಭವ

ಶಿವಮೊಗ್ಗದಲ್ಲಿ 138ರ ಕೇಸುಗಳನ್ನು (ನೆಗೋಶಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂ, ಅಂದರೆ ಚೆಕ್ ಬೌನ್ಸ್) ಆರೋಪಿ ಪರ ನಡೆಸುವಾಗ ನಾನು ಮೊದಲೇ ಸಹಿ ಒಪ್ಪಿಕೊಂಡುಬಿಡುತ್ತೇನೆ. "ಅಲ್ಲಿಗೆ ಕೇಸ್ ಮುಗೀತಲ್ಲ ಮಾರಾಯ್ರೇ" ಎಂದು ನಕ್ಕವರೇ ಈಗ ನನ್ನ ಪಾಟಿ ಸವಾಲಿನ ನಕಲು ಕೇಳುತ್ತಾರೆ.

ಎಲ್ಲವನ್ನೂ ಅಲ್ಲಗಳೆಯುವ ಹುಂಬ ಧೈರ್ಯ ಮುಗ್ಗರಿಸುವುದು ಚೆಕ್ ಯಾಕೆ ವಾಪಸ್ಸಾಯಿತು ಎಂದು ಬರೆದಿರುವ ಬ್ಯಾಂಕ್ ಮೆಮೋದ ಹತ್ತಿರ. ಸಹಿ ತಾಳೆಯಾಗದಿದ್ದರೆ ಬ್ಯಾಂಕಿನವರೇ ಹಾಗೆ ಬರೆಯುತ್ತಿದ್ದರು. ಮೆಮೋದಲ್ಲಿರುವುದು 'ಖಾತೆಯಲ್ಲಿ ಹಣ ಸಾಲದು' ಅಂತ. ಅದು ಕಡತದಲ್ಲಿರುವಾಗ "ಸಹಿ ನಮ್ಮದಲ್ಲ" ಎಂದು ಗಟ್ಟಿಸಿ ಹೇಳಿದರೆ, ಆಮೇಲೆ ನಾವು ಹೇಳುವ ನಿಜವನ್ನೂ ನ್ಯಾಯಾಧೀಶರು ನಂಬುವುದಿಲ್ಲ. ಕೈಬರಹ ತಜ್ಞರಿಗೆ, ಬೆಂಗಳೂರು ಓಡಾಟಕ್ಕೆ ಕಕ್ಷಿದಾರ ಇಪ್ಪತ್ತು ಸಾವಿರ ಸುಮಾರು ಕಳೆದುಕೊಳ್ಳುತ್ತಾನೆ. ಮೊತ್ತ ಬರೆದ ಕೈ ಬೇರೆ ಎಂದು ಸಾಬೀತಾದರೂ ಅಷ್ಟರಲ್ಲೇ ಇದೆ: ಸುಪ್ರೀಂ ಕೋರ್ಟಿನ ಬೀರ್ ಸಿಂಗ್ ತೀರ್ಪಿನ (2019) ಪ್ರಕಾರ ಸಹಿ ಹಾಕಿ ಕೊಟ್ಟ ಖಾಲಿ ಚೆಕ್ಕಿಗೂ 139ರ ಪ್ರಿಸಂಪ್ಷನ್, ಅಂದರೆ ಸಾಲ ತೀರಿಸಲೆಂದೇ ಚೆಕ್ ಕೊಟ್ಟದ್ದೆಂಬ ಕಾನೂನಿನ ಪೂರ್ವಭಾವನೆ, ಉಂಟು.

ನ್ಯಾಯಾಧೀಶರ ನಂಬಿಕೆ ಕಳೆದುಕೊಂಡರೆ ನಮಗೆ ಪೆಟ್ಟು ಜಾಸ್ತಿ. ನಮ್ಮಲ್ಲಿ ಕ್ರಿಮಿನಲ್ ಕೇಸುಗಳ ಜ್ಯೂರಿ (ತೀರ್ಪು ಹೇಳುವ ಸಾಮಾನ್ಯ ನಾಗರಿಕರ ಮಂಡಳಿ) 1973ರ ದಂಡ ಪ್ರಕ್ರಿಯಾ ಸಂಹಿತೆಯೊಂದಿಗೆ ಹೋಯಿತು. ಅಮೆರಿಕದಲ್ಲಿ ವಕೀಲ ಶುರುವಿನಲ್ಲಿ ಜಂಬದಿಂದ ಹೇಳಿದ್ದು ಸಾಕ್ಷ್ಯದಲ್ಲಿ ಬರದಿದ್ದರೆ ಎದುರಿನವನು ಕೊನೆಯ ವಾದದಲ್ಲಿ ಅದನ್ನೇ ಹಿಡಿದು ಜಗ್ಗುತ್ತಾನೆ. ಆದರೆ ಆ ಜ್ಯೂರಿ ಒಂದೇ ಕೇಸಿಗೆ. ನಮಗೆ ಅದೇ ನ್ಯಾಯಾಧೀಶರ ಮುಂದೆ ನಾಳೆಯೂ ನಿಲ್ಲಬೇಕು, ವರ್ಗವಾಗುವ ತನಕ.

ಕೆಲಸ ಶುರುವಾಗುವುದು ಚೆಕ್ ಬೌನ್ಸ್ ಆದ ಮೇಲೆ ಫಿರ್ಯಾದಿ ಕಳಿಸುವ ನೋಟಿಸಿನ ಉತ್ತರದಿಂದ. ಚೆಕ್ ಯಾರಿಗೆ, ಯಾವಾಗ, ಯಾವುದರ ಭದ್ರತೆಗೆ ಕೊಟ್ಟಿದ್ದು ಎಂಬುದು 15 ದಿನದೊಳಗೆ ಅದರಲ್ಲಿ ಬಂದಿರಬೇಕು. ಮೊದಲು ಸುಮ್ಮನಿದ್ದು ಪಾಟಿ ಸವಾಲಿನಲ್ಲಿ ಹೊಸ ಕಥೆ ತಂದರೆ ಯಾರೂ ಕೇಳುವುದಿಲ್ಲ. ಮುಂದಿನದೆಲ್ಲ ಫಿರ್ಯಾದಿಗೆ ಸಾಲ ಕೊಡುವ ತಾಕತ್ತು ಇತ್ತೇ ಎಂಬುದೊಂದೇ. ಪಹಣಿ, ಮಂಡಿ ಬಿಲ್ಲು, ಆದಾಯ ತೆರಿಗೆ ರಿಟರ್ನ್, ಸಾಲ ಕೊಟ್ಟೆನೆಂಬ ತಿಂಗಳಿನ ಪಾಸ್‌ಬುಕ್. 20 ಗುಂಟೆ ಅಡಿಕೆ ತೋಟಕ್ಕೆ ಹೆಚ್ಚೆಂದರೆ ನಾಲ್ಕೈದು ಕ್ವಿಂಟಾಲ್. ಕೊಯ್ಲು, ಗೊಬ್ಬರ, ಔಷಧಿ ಕಳೆದರೆ ಎಂಟು ಲಕ್ಷ ನಗದು ಎಲ್ಲಿಂದ ಬಂತು? ಒಂದು ಪ್ರಶ್ನೆಗೆ ಒಂದೇ ಸಂಗತಿ, ಉತ್ತರ "ಎಂದರೆ ಸರಿ" ಎಂದೇ ದಾಖಲಾಗುವಂತೆ. ಪ್ರಶ್ನೆ 25 ದಾಟಬಾರದು. ಸುಪ್ರೀಂ ಕೋರ್ಟಿನ ರಂಗಪ್ಪ (2010), ಬಸಲಿಂಗಪ್ಪ (2019) ತೀರ್ಪು ಎರಡರಲ್ಲೂ ಹೇಳಿದ್ದು ಇದನ್ನೇ: ಆರೋಪಿ ತನ್ನ ಮಾತು ನಿಜವಿರುವ ಸಂಭವನೀಯತೆ ತೋರಿಸಿದರೆ ಸಾಕು, ಸಂಶಯಾತೀತವಾಗಿ ಸಾಬೀತು ಮಾಡಬೇಕಿಲ್ಲ. ಪಾಸ್‌ಬುಕ್ ಮೊದಲೋ ಪಹಣಿ ಮೊದಲೋ ಎಂಬುದರಲ್ಲೇ ಅರ್ಧ ಕೇಸ್ ಇದೆ, ಅದನ್ನು ಇಲ್ಲಿ ಬರೆಯುವುದಿಲ್ಲ.

ಹಣ ಬ್ಯಾಂಕ್ ಮೂಲಕ ಹೋಗಿದ್ದರೆ ಇದು ನಡೆಯುವುದಿಲ್ಲ. ಅಂಥ ಕೇಸಿನಲ್ಲಿ ಅದೇ ಕಾಯ್ದೆಯ 143ಎ ಅಡಿ ಚೆಕ್ ಮೊತ್ತದ 20% ತನಕ ಮಧ್ಯಂತರ ಪರಿಹಾರದ ಆದೇಶ ಬರುವ ಮೊದಲೇ ಕಕ್ಷಿದಾರನನ್ನು ರಾಜಿಗೆ ಕೂರಿಸಬೇಕು.

ಇದನ್ನೇ ಪಾಲು ದಾವೆಗಳಲ್ಲೂ ಮಾಡಿ ನೋಡಿದೆ. ಅಲ್ಲಿ ಕೈ ಬಿಗಿ ಇರಲಿ: ಲಿಖಿತ ಹೇಳಿಕೆಯಲ್ಲಿ 'ಒಟ್ಟು ಕುಟುಂಬದ ಆಸ್ತಿ' ಎಂದು ಸಲೀಸಾಗಿ ಒಪ್ಪಿಕೊಂಡರೆ ವಾದಿ ಸಿವಿಲ್ ಪ್ರಕ್ರಿಯಾ ಸಂಹಿತೆಯ 12ನೇ ಆದೇಶದ 6ನೇ ನಿಯಮ (ಒಪ್ಪಿಕೊಂಡದ್ದರ ಮೇಲೇ ತೀರ್ಪು) ಹಿಡಿದು ನೇರ ಡಿಕ್ರಿ ಕೇಳುತ್ತಾನೆ. ಸರ್ವೆ ನಂಬರು ಒಂದೊಂದನ್ನೇ ಬಿಡಿಸಿ ಒಪ್ಪಬೇಕು.

ಫೀಸಿನ ವಿಷಯ: ಈ ದಾರಿಯಲ್ಲಿ ವಾಯಿದೆಗಳು ಅರ್ಧಕ್ಕರ್ಧ ಕಡಿಮೆ. ವಾಯಿದೆ ಲೆಕ್ಕದಲ್ಲಿ ಫೀಸು ತೆಗೆದುಕೊಳ್ಳುವವರಿಗೆ ನಷ್ಟ. ನಾನು ವಕಾಲತ್ತಿಗೆ ಸಹಿ ಹಾಕಿಸುವಾಗಲೇ ಇಡಿಗಂಟು ಮಾತಾಡಿ, ಅರ್ಧ ಅಲ್ಲೇ ತೆಗೆದುಕೊಳ್ಳುತ್ತೇನೆ.