ಲಾಟ್ ಮತ್ತು ಚೀಲ: ಪೇರೆಂಟ್-ಚೈಲ್ಡ್ ಕ್ಲಾಸ್‌ಗಳನ್ನು ನಾನು ರೂಪಿಸಿದ ಬಗೆ

ಕಲಬುರಗಿಯ ನೆಹರೂ ಗಂಜ್‌ನ ಅಡತ್ (ದಲ್ಲಾಳಿ) ಅಂಗಡಿಯೊಂದಕ್ಕೆ ತೊಗರಿಯ ತೂಕ ಮತ್ತು ಪಟ್ಟಿಯ (ರೈತರಿಗೆ ಕೊಡುವ ಹಣದ ಬಿಲ್ಲಿನ) ಲೆಕ್ಕ ಇಡುವ ಪ್ರೋಗ್ರಾಂ ಅನ್ನು ನಾನು ಪೈಥಾನ್‌ನಲ್ಲಿ ಬರೆದುಕೊಟ್ಟೆ. ರೈತರೊಬ್ಬರು ತಂದ ಮಾಲು ಒಂದು ಲಾಟ್ ಆಗುತ್ತದೆ. ಅದರಲ್ಲಿನ ಪ್ರತಿ ಚೀಲಕ್ಕೂ ತನ್ನದೇ ತೂಕವಿರುತ್ತದೆ, ಆದರೆ ದರ ನಿಗದಿಯಾಗುವುದು ಇಡೀ ಲಾಟಿಗೆ.

ಇಲ್ಲಿ ಇನ್‌ಹೆರಿಟೆನ್ಸ್‌ಗೆ, ಅಂದರೆ ಒಂದು ಕ್ಲಾಸನ್ನು (ವಸ್ತುವೊಂದರ ಮಾಹಿತಿ ಮತ್ತು ಕೆಲಸಗಳ ಅಚ್ಚನ್ನು) ಇನ್ನೊಂದರ ಬಗೆಯಾಗಿ ಮಾಡುವುದಕ್ಕೆ, ಕೆಲಸವಿಲ್ಲ. ಚೀಲವು ಲಾಟಿನ ಒಂದು ಬಗೆಯಲ್ಲ, ಅದರ ಒಂದು ಭಾಗ. ಲಾಟ್ ಇರಬೇಕಾದ ಜಾಗದಲ್ಲಿ ಚೀಲವನ್ನಿಟ್ಟರೆ ಲೆಕ್ಕವೇ ನಡೆಯದು. ಆದ್ದರಿಂದ ಎರಡು ಬೇರೆ ಬೇರೆ ಕ್ಲಾಸ್‌ಗಳನ್ನು (ಲಾಟ್ ಪೇರೆಂಟ್, ಚೀಲ ಚೈಲ್ಡ್) ಮಾಡಿ, ಚೀಲಗಳ ಲಿಸ್ಟನ್ನು ಲಾಟಿನೊಳಗೆ ಇಟ್ಟೆ.

ಚೀಲಕ್ಕೆ ತನ್ನ ಲಾಟ್ ಯಾವುದೆಂದು ಗೊತ್ತಿರಬೇಕೇ ಎಂಬುದೇ ನಿಜವಾಗಿ ಯೋಚಿಸಬೇಕಾದ ವಿಷಯ. ಬರೀ ಹಣದ ಲೆಕ್ಕವಾದರೆ ಬೇಕಿಲ್ಲ, ಏಕೆಂದರೆ ದರ ಲಾಟಿನ ಬಳಿಯೇ ಇದೆ. ಆದರೆ ಅಣ್ಣ-ತಮ್ಮಂದಿರ ಮಾಲು ಒಂದೇ ಟ್ರ್ಯಾಕ್ಟರಿನಲ್ಲಿ ಬಂದಾಗ ಒಬ್ಬರ ಚೀಲ ಇನ್ನೊಬ್ಬರ ಲಾಟಿಗೆ ಸೇರಿರುವುದು ತೂಕವಾದ ಮೇಲೆ ತಿಳಿಯುವುದುಂಟು. ಆಗ ಮುನೀಮರು ಚೀಲದ ನಂಬರ್ ಹಿಡಿದು ಅದರ ಲಾಟನ್ನು ಹುಡುಕುತ್ತಾರೆ. ಈ ಕಾರಣಕ್ಕೆ ಚೀಲದಲ್ಲಿಯೂ ಲಾಟಿನ ರೆಫರೆನ್ಸ್ (ಆ ಲಾಟನ್ನು ತೋರಿಸುವ ಕೊಂಡಿ) ಇಟ್ಟೆ.

ಒಂದೇ ಸಂಬಂಧವನ್ನು ಎರಡು ಕಡೆ ಬರೆದಿಟ್ಟ ಮೇಲೆ ಅವೆರಡೂ ಸದಾ ಒಂದನ್ನೇ ಹೇಳಬೇಕು. ಅದಕ್ಕಾಗಿ ಆ ರೆಫರೆನ್ಸನ್ನು ಬದಲಿಸುವ ಅಧಿಕಾರವನ್ನು ಲಾಟಿಗೆ ಮಾತ್ರ ಕೊಟ್ಟೆ. ‘ಸೇರಿಸು’ ಎಂಬ ಮೆಥಡ್ (ಲಾಟ್ ಮಾಡುವ ಒಂದು ಕೆಲಸ) ಚೀಲವು ಈಗಾಗಲೇ ಬೇರೆ ಲಾಟಿನಲ್ಲಿದ್ದರೆ ಎರರ್ ಎತ್ತುತ್ತದೆ, ಇಲ್ಲದಿದ್ದರೆ ಲಿಸ್ಟಿಗೆ ಹಾಕಿ ರೆಫರೆನ್ಸನ್ನೂ ಬರೆಯುತ್ತದೆ. ‘ವರ್ಗಾಯಿಸು’ ಎಂಬುದು ಎರಡೂ ಲಾಟುಗಳ ಪಟ್ಟಿ ಇನ್ನೂ ಆಗಿಲ್ಲವೆಂದು ಖಚಿತಪಡಿಸಿಕೊಂಡ ನಂತರವೇ ಚೀಲವನ್ನು ಮುಟ್ಟುತ್ತದೆ. ಮೊದಲು ತೆಗೆದು ಆಮೇಲೆ ಪರೀಕ್ಷಿಸಿದರೆ ಚೀಲ ಯಾರದೂ ಅಲ್ಲದೆ ನಡುವೆ ಉಳಿದೀತು. ಹೊರಗಿನ ಕೋಡ್ ಚೀಲಗಳನ್ನು ಕೇಳಿದಾಗ ಲಿಸ್ಟಿನ ಬದಲು ಟ್ಯೂಪಲ್ (ಬದಲಿಸಲಾಗದ ಲಿಸ್ಟ್) ಸಿಗುತ್ತದೆ, ಹೀಗಾಗಿ ಲಾಟಿನ ಕಣ್ಣು ತಪ್ಪಿಸಿ ಯಾರೂ ಚೀಲ ಸೇರಿಸಲಾರರು. ಒಟ್ಟು ತೂಕವನ್ನು ಎಲ್ಲಿಯೂ ಉಳಿಸಿಡದೆ ಪ್ರತಿ ಸಲ ಕೂಡಿ ತೆಗೆಯುತ್ತೇನೆ. ರೈತರ ದುಡ್ಡಿನ ವಿಷಯದಲ್ಲಿ ಹಳೆಯ ಮೊತ್ತ ಉಳಿದುಕೊಳ್ಳುವ ಅವಕಾಶವೇ ಇರಬಾರದು.

2018ರಲ್ಲಿ ಪೈಥಾನ್ 3.7ರೊಂದಿಗೆ ಬಂದ ಡೇಟಾಕ್ಲಾಸ್ (ಹೋಲಿಕೆಯಂತಹ ಮೆಥಡ್‌ಗಳನ್ನು ತಾನೇ ಬರೆದುಕೊಡುವ ಸೌಲಭ್ಯ) ಬಳಸುವವರು ಒಂದು ವಿಷಯ ಗಮನಿಸಬೇಕು. ಉಳಿದ ವಿವರಗಳೆಲ್ಲ ಒಂದೇ ಆಗಿರುವ ಎರಡು ಲಾಟುಗಳನ್ನು ಹೋಲಿಸಿದರೆ ಅದು ಚೀಲಗಳನ್ನು ಹೋಲಿಸುತ್ತದೆ, ಚೀಲಗಳು ಮತ್ತೆ ತಮ್ಮ ಲಾಟುಗಳನ್ನು ಹೋಲಿಸುತ್ತವೆ, ಈ ಸುತ್ತು ಮುಗಿಯದೆ ಕೊನೆಗೆ ರಿಕರ್ಶನ್ ಎರರ್ ಬರುತ್ತದೆ. ಚೀಲದೊಳಗಿನ ಲಾಟ್ ಫೀಲ್ಡನ್ನು ಹೋಲಿಕೆಯಿಂದ ಹೊರಗಿಟ್ಟರೆ ಸಾಕು. ಪರಸ್ಪರ ರೆಫರೆನ್ಸ್‌ನಿಂದ ಮೆಮೊರಿ ತುಂಬುವುದೆಂಬ ಚಿಂತೆ ಬೇಡ. ಇಂತಹ ಸುತ್ತುಗಳನ್ನು ಬಿಡಿಸುವ ಗಾರ್ಬೇಜ್ ಕಲೆಕ್ಟರ್ ಪೈಥಾನ್‌ನಲ್ಲಿ 2000ದಿಂದಲೇ ಇದೆ.

ಡೇಟಾಬೇಸ್ ಎಸ್‌ಕ್ಯೂಲೈಟ್. ಅದರಲ್ಲಿ ಫಾರಿನ್ ಕೀ (ಚೀಲದ ಸಾಲಿನಿಂದ ಲಾಟಿನ ಸಾಲಿಗೆ ಇರುವ ಕೊಂಡಿ) ಪರಿಶೀಲನೆ ಸಾಮಾನ್ಯವಾಗಿ ಆಫ್ ಇರುವುದರಿಂದ, ಪ್ರತಿ ಕನೆಕ್ಷನ್ ತೆರೆದಾಗಲೂ ಅದನ್ನು ಆನ್ ಮಾಡುತ್ತೇನೆ. ಲಾಟ್ ಅಳಿಸಿದರೆ ಚೀಲಗಳೂ ತಾವಾಗಿಯೇ ಅಳಿಯುವ ಕ್ಯಾಸ್ಕೇಡ್ ಸೌಲಭ್ಯವನ್ನು ಬೇಕೆಂದೇ ಬಳಸಿಲ್ಲ. ತೂಕವಾದ ಒಂದು ಚೀಲವಿದ್ದರೂ ಆ ಲಾಟನ್ನು ಅಳಿಸಲು ಡೇಟಾಬೇಸೇ ಒಪ್ಪುವುದಿಲ್ಲ.