ಮೊದಲು ಓಡಲಿ, ಬಣ್ಣ ಆಮೇಲೆ: ಹಳೆ ಯೆಜ್ಡಿ ರಿಪೇರಿಯ ನನ್ನ ಅನುಭವ

ಹಳೆ ಬೈಕ್ ಮನೆಗೆ ಬಂದ ಕೂಡಲೇ ಪೂರ್ತಿ ಬಿಚ್ಚಿ ಹಾಕಬೇಕು ಅನ್ನಿಸುತ್ತೆ. ಫ್ರೇಮಿಗೆ ಬಣ್ಣ, ಸೈಲೆನ್ಸರ್‌ಗೆ ಕ್ರೋಮ್, ಹೊಸ ಸೀಟು. ಹಾಗೆ ಶುರು ಮಾಡಿದ ಎಷ್ಟೋ ಗಾಡಿಗಳು ಇವತ್ತಿಗೂ ಮೂಲೆಯಲ್ಲಿ ಡಬ್ಬಗಳೊಳಗೆ ಬಿಡಿಬಿಡಿಯಾಗಿ ಬಿದ್ದಿವೆ. ನಾನು ಉಲ್ಟಾ ದಾರಿ ಹಿಡಿದೆ. ಗಾಡಿ ಕೊಟ್ಟ ದೊಡ್ಡಪ್ಪನೂ ಅದನ್ನೇ ಹೇಳಿದ್ದರು: "ಲೋ, ಮೊದ್ಲು ಓಡ್ಸು. ಓಡಿದ್ರೆ ತಾನೇ ಅದಕ್ಕೆ ಏನಾಗಿದೆ ಅಂತ ಗೊತ್ತಾಗೋದು."

ಗಾಡಿ ಯೆಜ್ಡಿ 250. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯದ್ದು. ಅಲ್ಲಿ 1961ರಲ್ಲಿ ಜಾವಾ ತಯಾರಾಗಲು ಶುರುವಾಯಿತು, ಆಮೇಲೆ ಯೆಜ್ಡಿ ಹೆಸರು ಬಂತು, 1996ರಲ್ಲಿ ಬಾಗಿಲು ಮುಚ್ಚಿತು. ಒಂದೇ ಸಿಲಿಂಡರ್, ಟೂ ಸ್ಟ್ರೋಕ್, 248.5 ಸಿಸಿ, ಎರಡು ಸೈಲೆನ್ಸರ್. ಕಿಕ್ಕರೂ ಗೇರ್ ಲಿವರೂ ಒಂದೇ. ಒಳಕ್ಕೆ ಒತ್ತಿ ಮೇಲೆತ್ತಿದರೆ ಕಿಕ್ಕರ್, ಬಿಟ್ಟರೆ ಗೇರ್. ಮನೆಯಲ್ಲೇ ಕೂತು ಕಲಿಯೋಕೆ ಇದಕ್ಕಿಂತ ಸರಳ ಎಂಜಿನ್ ಸಿಗೋದು ಕಷ್ಟ. ವಾಲ್ವ್ ಇಲ್ಲ, ಟೈಮಿಂಗ್ ಚೈನ್ ಇಲ್ಲ. ಆದರೆ ಸರಳ ಅಂದ ಮಾತ್ರಕ್ಕೆ ಸುಲಭ ಅಂತಲ್ಲ, ಅದು ಮುಂದೆ ಗೊತ್ತಾಗುತ್ತೆ.

ಕಿಕ್ಕರ್ ಅಲ್ಲಾಡುತ್ತಲೇ ಇರಲಿಲ್ಲ. ವರ್ಷಗಟ್ಟಲೆ ನಿಂತಿದ್ದಕ್ಕೆ ಪಿಸ್ಟನ್ ಹಿಡಿದುಕೊಂಡಿತ್ತು. ಇಂಥ ಹೊತ್ತಲ್ಲಿ ಕಿಕ್ಕರ್ ಮೇಲೆ ಹತ್ತಿ ಕುಣಿಯಬಾರದು, ಒಳಗಿನ ಹಲ್ಲು ಹೋಗುತ್ತೆ. ಸ್ಪಾರ್ಕ್ ಪ್ಲಗ್ ಬಿಚ್ಚಿ ಆ ತೂತಿನಿಂದ ಡೀಸೆಲ್ ಮತ್ತು ಎಂಜಿನ್ ಆಯಿಲ್ ಬೆರೆಸಿ ಸುರಿದೆ. ನೆನೆಯಲು ಬಿಟ್ಟೆ. ಆಮೇಲೆ ಗಾಡಿಯನ್ನು ನಾಲ್ಕನೇ ಗೇರ್‌ಗೆ ಹಾಕಿ, ಹಿಂದಿನ ಚಕ್ರವನ್ನು ಕೈಯಲ್ಲಿ ಹಿಡಿದು ಮುಂದಕ್ಕೆ ಹಿಂದಕ್ಕೆ ಮೆಲ್ಲಗೆ ಆಡಿಸುತ್ತಾ ಬಂದೆ. ಒಂದು ಸಂಜೆ ಕೂದಲೆಳೆಯಷ್ಟು ಸರಿಯಿತು. ಒಮ್ಮೆ ಸರಿದರೆ ಮುಗಿಯಿತು, ಉಳಿದದ್ದು ತಾಳ್ಮೆ ಅಷ್ಟೇ.

ಪಿಸ್ಟನ್ ಬಿಟ್ಟ ಮೇಲೆ ನೋಡಬೇಕಾದ್ದು ಮೂರೇ: ಕಿಡಿ, ಪೆಟ್ರೋಲ್, ಕಂಪ್ರೆಷನ್ (ಪಿಸ್ಟನ್ ಮೇಲೇರುವಾಗ ಅದುಮುವ ಒತ್ತಡ). ಕಂಪ್ರೆಷನ್ ಪರವಾಗಿರಲಿಲ್ಲ. ಕಿಕ್ಕರ್ ಒತ್ತಿದಾಗ ಕಾಲಿಗೆ ಚೆನ್ನಾಗಿಯೇ ತಡೆ ಸಿಗುತ್ತಿತ್ತು. ಹಾಗಾಗಿ ಹೆಡ್ (ಸಿಲಿಂಡರಿನ ಮೇಲಿನ ಮುಚ್ಚಳ) ಮುಟ್ಟಲಿಲ್ಲ.

ಕಿಡಿಯ ವಿಷಯದಲ್ಲಿ ಒಂದು ಮಾತು ನೆನಪಿಡಬೇಕು. ಈ ಗಾಡಿಯಲ್ಲಿ ಇಗ್ನಿಷನ್ ನಡೆಯೋದು ಬ್ಯಾಟರಿಯಿಂದ. ನನ್ನದು 6 ವೋಲ್ಟ್. ಬ್ಯಾಟರಿ ಸತ್ತಿದ್ದರೆ ಎಷ್ಟು ಕಿಕ್ ಹೊಡೆದರೂ ಕಾಲು ನೋವಷ್ಟೇ. ಹಳೆ ಬ್ಯಾಟರಿ ಪಕ್ಕಕ್ಕಿಟ್ಟು, ಚಾರ್ಜ್ ಆಗಿದ್ದ ಇನ್ನೊಂದನ್ನು ಹೊರಗಿನಿಂದಲೇ ಕೊಟ್ಟೆ. ಪಾಯಿಂಟ್ (ಎಂಜಿನ್ ತಿರುಗಿದಂತೆ ಕೂಡಿ ಬಿಟ್ಟು ಪ್ಲಗ್ಗಿನಲ್ಲಿ ಕಿಡಿ ಹುಟ್ಟಿಸುವ ಸಣ್ಣ ಸ್ವಿಚ್) ಮೇಲೆ ಬೂದು ಬಣ್ಣದ ತೆಳು ಪೊರೆ ಕಟ್ಟಿತ್ತು. ನಯವಾದ ಎಮರಿ ಪೇಪರ್ ಎರಡು ಸಲ ಎಳೆದು, ಆಮೇಲೆ ಗಟ್ಟಿ ಬಿಳಿ ಕಾಗದದ ಚೂರನ್ನು ಪಾಯಿಂಟ್ ಮಧ್ಯೆ ಇಟ್ಟು ಎಳೆದೆ. ಕಾಗದ ಕಪ್ಪಾಗದೆ ಹೊರಬರುವ ತನಕ ಎಳೆಯಬೇಕು. ಎಮರಿಯ ಪುಡಿ ಉಳಿದರೆ ಒಂದೇ ದಿನಕ್ಕೆ ಪಾಯಿಂಟ್ ಸುಡುತ್ತೆ. ಫೀಲರ್ ಗೇಜ್ ಇಟ್ಟು ಪಾಯಿಂಟ್ ಗ್ಯಾಪ್ 0.4 ಮಿಮೀ, ಪ್ಲಗ್ ಗ್ಯಾಪ್ 0.6 ಮಿಮೀ ಮಾಡಿದೆ. ಕಿಡಿ ಬಂತು.

ಪೆಟ್ರೋಲ್ ಟ್ಯಾಂಕ್ ಒಳಗೆಲ್ಲ ತುಕ್ಕು. ಕೆಲವರು ಆ್ಯಸಿಡ್ ಸುರಿಯುತ್ತಾರೆ. ತುಕ್ಕಿನ ಜೊತೆ ತಗಡೂ ಹೋಗುತ್ತೆ ಅನ್ನೋ ಭಯಕ್ಕೆ ನಾನು ಕರೆಂಟ್ ಕೊಡುವ ದಾರಿ ಆರಿಸಿಕೊಂಡೆ. ಟ್ಯಾಂಕನ್ನು ಮೊದಲು ಸೋಪು ನೀರಿನಲ್ಲಿ ಚೆನ್ನಾಗಿ ತೊಳೆದು ಪೆಟ್ರೋಲ್ ವಾಸನೆ ಪೂರ್ತಿ ಹೋಗಿಸಬೇಕು. ಆಮೇಲೆ ನೀರು ತುಂಬಿ ವಾಷಿಂಗ್ ಸೋಡಾ ಕರಗಿಸಬೇಕು. ಬಾಯಿಯಿಂದ ಒಂದು ಕಬ್ಬಿಣದ ಸರಳು ಇಳಿಬಿಟ್ಟು, ಅದು ಟ್ಯಾಂಕಿಗೆ ತಾಗದಂತೆ ರಬ್ಬರ್ ಸುತ್ತಬೇಕು. ಬ್ಯಾಟರಿ ಚಾರ್ಜರ್‌ನ ಪ್ಲಸ್ ಸರಳಿಗೆ, ಮೈನಸ್ ಟ್ಯಾಂಕಿಗೆ. ಸ್ಟೇನ್‌ಲೆಸ್ ಸ್ಟೀಲ್ ಸರಳು ಖಂಡಿತಾ ಬೇಡ, ಅದರಿಂದ ಬಿಡುವ ಕ್ರೋಮಿಯಂ ವಿಷ. ಗುಳ್ಳೆ ಏಳುವುದು ಹೈಡ್ರೋಜನ್, ಹಾಗಾಗಿ ಬಯಲಲ್ಲೇ ಮಾಡಿ, ಹತ್ತಿರ ಯಾರೂ ಬೀಡಿ ಹಚ್ಚದಂತೆ ನೋಡಿಕೊಳ್ಳಿ. ಸರಳಿನ ಮೇಲೆ ಕೆಂಪು ಕೆಸರು ದಪ್ಪಗೆ ಕೂತಾಗಲೆಲ್ಲ ಚಾರ್ಜರ್ ಆಫ್ ಮಾಡಿ ಕೆರೆದು ಮತ್ತೆ ಇಳಿಬಿಟ್ಟೆ. ಕೊನೆಗೆ ಟಾರ್ಚ್ ಬಿಟ್ಟು ನೋಡಿದರೆ ಒಳಗೆ ಬೂದು ಬಣ್ಣದ ಬರೀ ಲೋಹ. ತೊಳೆದು ಒಣಗಿಸಿದ ತಕ್ಷಣ ಎಣ್ಣೆ ಆಡಿಸದಿದ್ದರೆ ಅರ್ಧ ಗಂಟೆಯಲ್ಲೇ ಮತ್ತೆ ಕೆಂಪು ಬರುತ್ತೆ.

ಕಾರ್ಬರೇಟರ್ ಬಗ್ಗೆ ಜಾಸ್ತಿ ಹೇಳೋದೇನಿಲ್ಲ. ಜೆಟ್ ತೂತಿಗೆ ತಂತಿ ಹಾಕಬೇಡಿ, ಗಾಳಿ ಊದಿ ಸಾಕು. ಫ್ಲೋಟ್ (ಒಳಗೆ ತೇಲುತ್ತಾ ಪೆಟ್ರೋಲ್ ಮಟ್ಟ ಕಾಯುವ ಡಬ್ಬಿ) ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿ. ಒಳಗೆ ಪೆಟ್ರೋಲ್ ಕುಲುಕಿದ ಸದ್ದು ಬಂದರೆ ಅದು ತೂತಾಗಿದೆ, ಓವರ್‌ಫ್ಲೋ ನಿಲ್ಲಲ್ಲ.

ಪೆಟ್ರೋಲ್‌ಗೆ ಲೀಟರ್‌ಗೆ 40 ಮಿಲಿ ಟೂಟಿ (ಟೂ ಸ್ಟ್ರೋಕ್ ಎಂಜಿನ್ನಿನ) ಆಯಿಲ್, ಅಂದರೆ 25ಕ್ಕೆ 1ರಂತೆ ಬೆರೆಸಿ ಕಿಕ್ ಹೊಡೆದೆ. ಸ್ಟಾರ್ಟ್ ಆಯಿತು! ಬೀದಿಯೆಲ್ಲ ಹೊಗೆ. ನಿಜವಾದ ಕೆಲಸ ಶುರುವಾಗಿದ್ದು ಅಲ್ಲಿಂದ.

ತಣ್ಣಗಿದ್ದಾಗ ಗಾಡಿ ಚೆನ್ನಾಗಿ ಓಡುತ್ತಿತ್ತು. ಬಿಸಿಯಾದ ಮೇಲೆ ಮಿಸ್ಸಿಂಗ್ ಶುರುವಾಗಿ ಸುಮ್ನೆ ನಿಂತುಬಿಡುತ್ತಿತ್ತು. ಅರ್ಧ ಗಂಟೆ ಬಿಟ್ಟರೆ ಮತ್ತೆ ಒಂದೇ ಕಿಕ್‌ಗೆ ಸ್ಟಾರ್ಟ್. ಹಳೆ ಗಾಡಿಗಳಲ್ಲಿ ಅತಿ ಹೆಚ್ಚು ತಲೆ ತಿನ್ನುವ ಕಾಯಿಲೆ ಇದು. ಯಾಕಂದರೆ ನೀವು ಸ್ಪ್ಯಾನರ್ ತರುವಷ್ಟರಲ್ಲಿ ಅದು ತಣ್ಣಗಾಗಿ ಸರಿಹೋಗಿರುತ್ತೆ. ಹಾಗಾಗಿ ಸಾಮಾನು ಜೊತೆಯಲ್ಲೇ ಇಟ್ಟುಕೊಂಡು ಓಡಿಸಿದೆ: ಒಂದು ಒಳ್ಳೆ ಪ್ಲಗ್, ಪ್ಲಗ್ ಸ್ಪ್ಯಾನರ್, ಸ್ಕ್ರೂಡ್ರೈವರ್, ಮಲ್ಟಿಮೀಟರ್. ನಿಂತ ಜಾಗದಲ್ಲೇ, ನಿಂತ ಕ್ಷಣದಲ್ಲೇ ನೋಡಬೇಕು.

ಮೊದಲು ಟ್ಯಾಂಕಿನ ಮುಚ್ಚಳ ತೆಗೆದೆ. ಮುಚ್ಚಳದ ಗಾಳಿ ತೂತು ಕಟ್ಟಿದ್ದರೆ ಒಳಗೆ ಗಾಳಿ ಸಾಲದೆ ಪೆಟ್ರೋಲ್ ಇಳಿಯಲ್ಲ. ತೆಗೆದಾಗ ಉಸ್ ಅನ್ನುತ್ತೆ. ಇಲ್ಲಿ ಸದ್ದೇನೂ ಬರಲಿಲ್ಲ. ಪೆಟ್ರೋಲ್ ಪೈಪ್ ಕಿತ್ತು ನೋಡಿದೆ, ಧಾರಾಳವಾಗಿ ಬರುತ್ತಿತ್ತು. ಮುಂದೆ ಜೇಬಿನ ಪ್ಲಗ್ ಸಿಕ್ಕಿಸಿ, ಹೆಡ್‌ಗೆ ತಾಗಿಸಿ ಕಿಕ್ ಹೊಡೆದೆ. ಬೆಳಗ್ಗೆ ಚಟ್ ಚಟ್ ಅಂತ ನೀಲಿಯಾಗಿದ್ದ ಕಿಡಿ ಈಗ ಸಣಕಲಾಗಿ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು.

ಹಾಗಾದರೆ ತಪ್ಪು ಬ್ಯಾಟರಿಯ ವೋಲ್ಟನ್ನು ಕಿಡಿಗೆ ಬೇಕಾದಷ್ಟು ಏರಿಸುವ ಕಾಯಿಲಿನದ್ದು, ಇಲ್ಲವೇ ಪಾಯಿಂಟ್ ಬಾಯಲ್ಲಿ ಕಿಡಿ ಹಾರದಂತೆ ತಡೆಯುವ ಕಂಡೆನ್ಸರಿನದ್ದು. ಪಾಯಿಂಟೂ ಡೈನಮೋವೂ (ಬ್ಯಾಟರಿ ಚಾರ್ಜ್ ಮಾಡುವ ಭಾಗ) ಇರುವ ಬಲಗಡೆಯ ಕವರ್ ತೆಗೆದು, ಇಗ್ನಿಷನ್ ಆನ್ ಇಟ್ಟು, ಕೂಡಿಕೊಂಡಿದ್ದ ಪಾಯಿಂಟನ್ನು ಸ್ಕ್ರೂಡ್ರೈವರ್‌ನಿಂದ ಬಿಡಿಸಿ ನೋಡಿದೆ. ಕಂಡೆನ್ಸರ್ ಸರಿ ಇದ್ದರೆ ಪಾಯಿಂಟ್ ಬಾಯಲ್ಲಿ ಕಿಡಿ ಕಂಡೂ ಕಾಣದಂತಿರುತ್ತೆ. ಇಲ್ಲಿ ಬೆಳ್ಳಗೆ ದಪ್ಪ ಕಿಡಿ ಪಟಾರ್ ಅಂತ ಹಾರುತ್ತಿತ್ತು. ಪ್ಲಗ್‌ಗೆ ಹೋಗಬೇಕಾದ ಶಕ್ತಿಯೆಲ್ಲ ಅಲ್ಲೇ ಸುಟ್ಟುಹೋಗುತ್ತಿದೆ ಅಂತ ಲೆಕ್ಕ. ಹೊಸ ಕಂಡೆನ್ಸರ್ ಹಾಕಿದೆ. ಡೈನಮೋ ಪಕ್ಕದ ಬಿಸಿಯಲ್ಲಿ ಇಡದೆ, ವೈರ್ ಎಳೆದು ಟ್ಯಾಂಕಿನ ಕೆಳಗೆ ಫ್ರೇಮಿಗೆ ಬಿಗಿದೆ. ಹಳೆಕಾಲದ್ದು ಇದ್ದಂತೆಯೇ ಇರಬೇಕು ಅನ್ನುವವರು ಇದನ್ನು ಒಪ್ಪಲ್ಲ. ದಾರಿ ಮಧ್ಯೆ ತಳ್ಳಿಕೊಂಡು ಬರುವವನು ನಾನು ತಾನೇ.

ನಿಲ್ಲೋದು ನಿಂತಿತು. ಆದರೆ ಇನ್ನೊಂದು ರೋಗ ಈಗ ಎದ್ದು ಕಾಣತೊಡಗಿತು. ಆ್ಯಕ್ಸಿಲರೇಟರ್ ಬಿಟ್ಟರೂ ಎಂಜಿನ್ ಬೇಗ ಇಳಿಯುತ್ತಿರಲಿಲ್ಲ, ಜೋರಾಗಿಯೇ ಗುನುಗುತ್ತಿತ್ತು. ಕೇಬಲ್ ಹಿಡಿದಿಲ್ಲ ಅಂತ ಖಾತ್ರಿ ಮಾಡಿಕೊಂಡು ಪ್ಲಗ್ ಬಿಚ್ಚಿದರೆ ಪಿಂಗಾಣಿ ಬೆಳ್ಳಗಿತ್ತು. ಟೂ ಸ್ಟ್ರೋಕ್‌ನಲ್ಲಿ ಪ್ಲಗ್ ಬೆಳ್ಳಗಿದ್ದರೆ ಹಗುರವಾಗಿ ತೆಗೆದುಕೊಳ್ಳಬಾರದು. ಎಲ್ಲೋ ಗಾಳಿ ಎಳೆಯುತ್ತಿದೆ, ಪೆಟ್ರೋಲ್ ಕಮ್ಮಿಯಾದಂತೆ ಅದರ ಜೊತೆ ಹೋಗುವ ಆಯಿಲೂ ಕಮ್ಮಿ, ಪಿಸ್ಟನ್ ಸೀಜ್ ಆಗೋಕೆ, ಅಂದರೆ ಬಿಸಿಗೆ ಸಿಲಿಂಡರಿನಲ್ಲಿ ಹಿಡಿದುಕೊಳ್ಳೋಕೆ, ಅಷ್ಟು ಸಾಕು.

ಟೂ ಸ್ಟ್ರೋಕ್‌ನ ಕ್ರ್ಯಾಂಕ್‌ಕೇಸ್ (ಪಿಸ್ಟನ್ ಕೆಳಗೆ ಕ್ರ್ಯಾಂಕ್ ತಿರುಗುವ ಕೋಣೆ) ಒಂದು ಪಂಪ್ ಇದ್ದಹಾಗೆ. ಕ್ರ್ಯಾಂಕ್‌ನ ಎರಡೂ ಬದಿಯ ಆಯಿಲ್ ಸೀಲ್ ಗಾಳಿ ಬಿಡಬಾರದು. ನಿಂತ ಗಾಡಿಯಲ್ಲಿ ಈ ರಬ್ಬರ್ ಒಣಗಿ ಗಟ್ಟಿಯಾಗುತ್ತೆ. ಕ್ಲಚ್ ಕಡೆಯ ಸೀಲ್ ಹೋದರೆ ಅಲ್ಲಿನ ಆಯಿಲ್ ಎಳೆದುಕೊಂಡು ಬಿಳಿ ಹೊಗೆ ಉಗುಳುತ್ತೆ, ಆಯಿಲ್ ಮಟ್ಟ ಇಳಿಯುತ್ತೆ. ಡೈನಮೋ ಕಡೆಯದು ಹೋದರೆ ಬರೀ ಗಾಳಿ ಎಳೆಯುತ್ತೆ, ಹೊಗೆಯ ಸುಳಿವೂ ಇರಲ್ಲ. ನನ್ನ ಅನುಮಾನ ಡೈನಮೋ ಕಡೆ.

ಅನುಮಾನದ ಮೇಲೆ ಎಂಜಿನ್ ಬಿಚ್ಚುವ ಮನಸ್ಸಿರಲಿಲ್ಲ. ಮನೆಯಲ್ಲಿ ಬಿಪಿ ನೋಡುವ ಹಳೆ ಮೀಟರ್ ಇತ್ತು, ಕೈಯಲ್ಲಿ ಅದುಮುವ ಬುರುಡೆಯದ್ದು. ಹಾಳಾದ ಪ್ಲಗ್‌ನ ಪಿಂಗಾಣಿ ಒಡೆದು ತೆಗೆದು, ಅದರೊಳಗೆ ಸಣ್ಣ ಹಿತ್ತಾಳೆ ಕೊಳವೆ ಬೆಸುಗೆ ಹಾಕಿ, ಪ್ಲಗ್ ಜಾಗದಲ್ಲಿ ಕೂರಿಸಿ, ಮೀಟರಿನ ಪೈಪಿಗೆ ಜೋಡಿಸಿದೆ. ಕಾರ್ಬರೇಟರ್ ಕೂರುವ ಬಾಯಿಗೂ ಎರಡು ಸೈಲೆನ್ಸರ್ ಬಾಯಿಗೂ ಹಳೆ ಟ್ಯೂಬಿನ ರಬ್ಬರ್ ಕತ್ತರಿಸಿ ಬಿಗಿಯಾಗಿ ಮುಚ್ಚಿದೆ. ಪಿಸ್ಟನ್ ಪೂರ್ತಿ ಕೆಳಗಿಳಿಸಿದರೆ ಸಿಲಿಂಡರೂ ಕ್ರ್ಯಾಂಕ್‌ಕೇಸೂ ಒಂದಾಗುತ್ತವೆ. ಆಗ ಬುರುಡೆ ಅದುಮಿ ಮೀಟರ್ ಮುಳ್ಳನ್ನು 300ಕ್ಕೆ (ಪಾದರಸದ ಮಿಲಿಮೀಟರ್ ಲೆಕ್ಕ) ಏರಿಸಿದೆ. ಅಂದರೆ ಸುಮಾರು 0.4 ಬಾರ್, ಈ ಪರೀಕ್ಷೆಗೆ ಹೇಳಿ ಮಾಡಿಸಿದ ಒತ್ತಡ. ಬಿಗಿಯಾದ ಎಂಜಿನ್‌ನಲ್ಲಿ ಮುಳ್ಳು ನಿಮಿಷಗಟ್ಟಲೆ ಅಲ್ಲಾಡದೆ ನಿಲ್ಲಬೇಕು. ನನ್ನದು ಕಣ್ಣೆದುರೇ ಜಾರುತ್ತಾ ಬಂತು.

ಡೈನಮೋ ಕಳಚಿ, ಸೀಲ್ ಸುತ್ತ ಸೋಪಿನ ನೊರೆ ಬ್ರಷ್‌ನಲ್ಲಿ ಹಚ್ಚಿ ಮತ್ತೆ ಅದುಮಿದೆ. ಶಾಫ್ಟ್ ಸುತ್ತ ಸಾಸಿವೆ ಗಾತ್ರದ ಗುಳ್ಳೆಗಳು ಸಾಲಾಗಿ ಎದ್ದವು. ಕಳ್ಳ ಸಿಕ್ಕಿಬಿದ್ದ. ತೆಗೆದ ಸೀಲ್‌ನ ತುಟಿ ಉಗುರಿಗೆ ಬಗ್ಗುತ್ತಲೇ ಇರಲಿಲ್ಲ. ಕ್ಲಚ್ ಕಡೆ ಗುಳ್ಳೆ ಬಾರದಿದ್ದರೂ ಅದೇ ವಯಸ್ಸಿನ ರಬ್ಬರ್ ಅಲ್ವಾ ಅಂತ ಅದನ್ನೂ ಬದಲಿಸಿದೆ. ಮತ್ತೆ ಪರೀಕ್ಷೆ ಮಾಡಿದಾಗ ಮುಳ್ಳು ಕದಲಲಿಲ್ಲ.

ಡೈನಮೋ ಕೂರಿಸುವಾಗ ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತು, ಹೊಸದಾಗಿ ಇಡಲೇಬೇಕು. ನಿಮ್ಮ ಮಾಡೆಲ್‌ನ ಮ್ಯಾನುಯಲ್‌ನಲ್ಲಿ ಪಿಸ್ಟನ್ ತುದಿ ಮುಟ್ಟಲು ಎಷ್ಟು ಮಿಲಿಮೀಟರ್ ಇರುವಾಗ ಪಾಯಿಂಟ್ ಬಿಡಬೇಕು ಅಂತ ಇರುತ್ತೆ, ಡಯಲ್ ಗೇಜ್ ಇಟ್ಟು ಅದನ್ನೇ ಹಿಡಿಯಿರಿ. ಟೈಮಿಂಗ್ ಜಾಸ್ತಿ ಮುಂದಾದರೆ ಕಿಕ್ಕರ್ ವಾಪಸ್ ಒದೆಯುತ್ತೆ. ಒಮ್ಮೊಮ್ಮೆ ಎಂಜಿನ್ ಉಲ್ಟಾ ದಿಕ್ಕಿಗೆ ಸ್ಟಾರ್ಟ್ ಆಗಿ, ಫಸ್ಟ್ ಗೇರ್ ಹಾಕಿದರೆ ಗಾಡಿ ಹಿಂದಕ್ಕೆ ಹೋಗೋದೂ ಉಂಟು. ಟೂ ಸ್ಟ್ರೋಕ್‌ಗೆ ದಿಕ್ಕಿನ ಹಂಗಿಲ್ಲ.

ಬ್ರೇಕ್, ಕೇಬಲ್, ಬೇರಿಂಗ್, ಟೈರ್ ಎಲ್ಲ ಸುಮ್ನೆ ಹೊಸದು ಹಾಕಿ, ಅಲ್ಲಿ ಯೋಚನೆಗೆ ಜಾಗವಿಲ್ಲ. ಆದರೆ ಹಳೆ ಬ್ರೇಕ್ ಲೈನರ್‌ಗಳಲ್ಲಿ ಕಲ್ನಾರು ಇರಬಹುದು. ಡ್ರಮ್ ತೆಗೆದಾಗ ಆ ಪುಡಿಯನ್ನು ಬಾಯಲ್ಲಿ ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ.

ಇಷ್ಟಾದ ಮೇಲೆ ಬಣ್ಣ. ಟ್ಯಾಂಕಿನ ಮೇಲಿನ ಹಳೆ ಬಣ್ಣವನ್ನು ನಾನು ಹಾಗೇ ಉಳಿಸಿಕೊಂಡೆ, ಪಾಲಿಷ್ ಮಾತ್ರ ಮಾಡಿದೆ. ಫ್ರೇಮಿಗೆ ಬಣ್ಣ ಹೊಡೆಸಿದರೆ ಅರ್ತ್ (ಕರೆಂಟ್ ಲೋಹದ ಮೂಲಕ ಬ್ಯಾಟರಿಗೆ ಮರಳುವ ದಾರಿ) ಕಡೆ ಗಮನ ಇರಲಿ. ಎಂಜಿನ್ ಬೋಲ್ಟ್ ಕೂರುವ ಜಾಗ, ಕಾಯಿಲ್ ಬಿಗಿಯುವ ಜಾಗದಲ್ಲೆಲ್ಲ ಬಣ್ಣ ಕೂತು ಕರೆಂಟಿಗೆ ದಾರಿ ಇಲ್ಲದಂತಾಗುತ್ತೆ. ಆ ಜಾಗಗಳನ್ನು ಲೋಹ ಕಾಣುವ ತನಕ ಕೆರೆದು, ಬ್ಯಾಟರಿಯ ಅರ್ತ್ ತುದಿಯಿಂದ ಎಂಜಿನ್‌ಗೆ ಪ್ರತ್ಯೇಕ ದಪ್ಪ ವೈರ್ ಎಳೆದೆ. ಪರೀಕ್ಷೆ ಸುಲಭ. ಪಾಯಿಂಟ್ ಕೂಡಿಸಿ, ಇಗ್ನಿಷನ್ ಆನ್ ಮಾಡಿ, ಮಲ್ಟಿಮೀಟರ್‌ನ ಒಂದು ತುದಿ ಬ್ಯಾಟರಿಯ ಅರ್ತ್‌ಗೆ, ಇನ್ನೊಂದು ಎಂಜಿನ್ ಮೈಗೆ ಹಿಡಿಯಿರಿ. 0.1 ವೋಲ್ಟ್ ಆಸುಪಾಸು ಬಂದರೆ ಸರಿ. ಅರ್ಧ ವೋಲ್ಟ್ ಬಂದರೆ, ಇರೋದೇ 6 ವೋಲ್ಟ್, ಅದರಲ್ಲಿ ಅಷ್ಟು ದಾರಿಯಲ್ಲೇ ಸೋರಿಹೋಯಿತು ಅಂತ.

ಈಗಿನ ಪೆಟ್ರೋಲ್‌ನಲ್ಲಿ ಎಥನಾಲ್ ಇರುತ್ತೆ. ಅದು ಗಾಳಿಯ ತೇವ ಎಳೆದುಕೊಳ್ಳುತ್ತೆ, ಹಳೆಕಾಲದ ರಬ್ಬರ್ ಪೈಪನ್ನು ಮೆತ್ತಗೆ ಮಾಡುತ್ತೆ. ಪೈಪ್ ಮತ್ತು ವಾಷರ್‌ಗಳನ್ನು ಎಥನಾಲ್ ತಡೆಯುವಂಥವುಗಳಿಗೆ ಬದಲಿಸಿದೆ. ಕೆಲವು ವಾರ ಓಡಿಸಲ್ಲ ಅಂತ ಗೊತ್ತಿದ್ದರೆ ಪೆಟ್ರೋಲ್ ಬಂದ್ ಮಾಡಿ, ಕಾರ್ಬರೇಟರ್ ಖಾಲಿಯಾಗಿ ಎಂಜಿನ್ ತಾನಾಗಿ ನಿಲ್ಲುವ ತನಕ ಬಿಡುತ್ತೇನೆ. ಪ್ಲಗ್ ಈಗ ತಿಳಿ ಕಂದು ಬಣ್ಣಕ್ಕೆ ಬಂದಿದೆ. ಸ್ಪೀಡೋಮೀಟರ್ ಮುಳ್ಳು ಮಾತ್ರ ಇನ್ನೂ ಮೇಲಕ್ಕೂ ಕೆಳಕ್ಕೂ ಕುಣಿಯುತ್ತಿದೆ. ಕೇಬಲ್ ತೆಗೆದು ಗ್ರೀಸ್ ಹಾಕಿ ನೋಡಬೇಕು.