ಕೈಗೆ ಒಗ್ಗುವ ಮಡಚುವ ಚಾಕು

ಚಾಕು ಕೊಳ್ಳಲು ಹೋದವರು ಮೊದಲು ಅಲಗು ನೋಡುತ್ತಾರೆ. ಹೆಬ್ಬೆರಳಿನಿಂದ ಬಾಯಿ ಸವರಿ, ‘ಹರಿತ ಚೆನ್ನಾಗಿದೆ’ ಅಂದು ದುಡ್ಡು ಎಣಿಸುತ್ತಾರೆ. ನಾನು ಹೇಳುವುದು, ಮೊದಲು ಹಿಡಿ ನೋಡಿ ಅಂತ. ಹರಿತ ಕಡಿಮೆಯಿದ್ದರೆ ಮನೆಗೆ ತಂದು ಮಸೆದುಕೊಳ್ಳಬಹುದು. ಹಿಡಿ ಕೈಗೆ ಒಗ್ಗದಿದ್ದರೆ ಎಂಥಾ ಒಳ್ಳೆಯ ಚಾಕುವೂ ನಾಲ್ಕು ದಿನದಲ್ಲಿ ಮೇಜಿನ ಖಾನೆ ಸೇರುತ್ತದೆ. ಬೇಕಾದಾಗ ಜೊತೆಯಲ್ಲಿ ಇರುವುದೇ ಇಲ್ಲ.

ನಮ್ಮ ಮಲೆನಾಡಿನ ಮನೆಗಳಲ್ಲಿ ಹರಿತದ ಸಾಮಾನಿಗೆ ಬರವಿಲ್ಲ. ಸೌದೆಗೆ, ಬೇಲಿಗೆ ಕತ್ತಿ ಇದೆ. ಅಡಿಕೆ ಸುಲಿಯಲು ಮೆಟ್ಟುಗತ್ತಿ, ಎಲೆಅಡಿಕೆ ತಟ್ಟೆಯಲ್ಲಿ ಅಡಕತ್ತರಿ. ಮಡಚುವ ಚಾಕು ಬೇಕಾಗುವುದು ಇವೆಲ್ಲ ಕೈಗೆ ಸಿಗದ ಹೊತ್ತಿನಲ್ಲಿ. ತೋಟದಲ್ಲಿ ಗೊಬ್ಬರದ ಚೀಲದ ಹೊಲಿಗೆ ಬಿಚ್ಚಬೇಕು. ಕಾಳುಮೆಣಸಿನ ಬಳ್ಳಿ ಕಟ್ಟಿದ ದಾರ ತುಂಡು ಮಾಡಬೇಕು. ಊಟಕ್ಕೆ ಒಂದು ಬಾಳೆಎಲೆ ಕೊಯ್ಯಬೇಕು. ಕೊರಿಯರ್‌ನಲ್ಲಿ ಬಂದ ಪೊಟ್ಟಣ ಬಿಡಿಸಬೇಕು, ಬಸ್ಸಲ್ಲಿ ಕೂತು ಮೊಮ್ಮಗನಿಗೆ ಸೇಬು ಹೆಚ್ಚಿಕೊಡಬೇಕು. ಇಷ್ಟೇ ಕೆಲಸ. ಕೊಳ್ಳುವ ಮೊದಲು ನಿಮ್ಮ ಒಂದು ದಿನದಲ್ಲಿ ಏನೇನು ಕತ್ತರಿಸುತ್ತೀರಿ ಅಂತ ಸ್ವಲ್ಪ ನೆನಪು ಮಾಡಿಕೊಳ್ಳಿ. ಬಹಳ ಜನಕ್ಕೆ ಎರಡೂವರೆ ಮೂರು ಇಂಚಿನ ಅಲಗು ಧಾರಾಳ. ಒಣ ಅಡಿಕೆಯನ್ನು ಮಾತ್ರ ಇದರಲ್ಲಿ ಸೀಳಲು ಹೋಗಬೇಡಿ. ಚಾಕುವಿನ ಬಾಯಿ ಮುಕ್ಕಾಗುತ್ತದೆ, ಜಾರಿದರೆ ಬೆರಳೂ ಹೋಗುತ್ತದೆ.

ಇನ್ನು ಹಿಡಿಯ ವಿಷಯ. ಅಂಗಡಿಯಲ್ಲಿ ಚಾಕು ಬಿಚ್ಚಿ, ಕೆಲಸಕ್ಕೆ ಹಿಡಿಯುವ ಹಾಗೆಯೇ ಗಟ್ಟಿಯಾಗಿ ಹಿಡಿಯಿರಿ. ನಾಲ್ಕೂ ಬೆರಳು ಹಿಡಿಯ ಮೇಲೆ ಕೂರಬೇಕು. ಕಿರುಬೆರಳು ಹೊರಗೆ ನೇತಾಡಿದರೆ ಒತ್ತಿ ಕೊಯ್ಯುವಾಗ ಹಿಡಿತ ಸಿಗುವುದಿಲ್ಲ. ವಿಕ್ಟೋರಿನಾಕ್ಸ್‌ನವರ ಕೆಂಪು ಸ್ವಿಸ್ ಚಾಕು ನೋಡಿರುತ್ತೀರಿ, ಅಲ್ವಾ? ಅದರಲ್ಲಿ ಹಿಡಿ 58 ಮಿಲಿಮೀಟರ್ ಉದ್ದದ್ದು ಒಂದು ಇದೆ, 91 ಮಿಲಿಮೀಟರಿನದು ಒಂದು. ಚಿಕ್ಕದು ಕೀಲಿಗೊಂಚಲಿಗೆ ಚೆಂದ, ದಾರ ಕತ್ತರಿಸಲು ಸಾಕು. ತೋಟಕ್ಕೆ ಹೋಗುವವರು ದೊಡ್ಡದನ್ನೇ ತೆಗೆದುಕೊಳ್ಳಿ. ಅಂಗೈ ಅಗಲ ಇರುವ ಗಂಡಸರಿಗೆ ಅದೂ ಸ್ವಲ್ಪ ಗಿಡ್ಡ ಅನ್ನಿಸಬಹುದು.

ಉದ್ದ ಎಲ್ಲರೂ ನೋಡುತ್ತಾರೆ, ದಪ್ಪ ನೋಡುವವರು ಕಡಿಮೆ. ತೆಳ್ಳಗಿನ ಹಿಡಿ ಜೇಬಲ್ಲಿ ಇದೆಯೋ ಇಲ್ಲವೋ ಅನ್ನುವ ಹಾಗೆ ಇರುತ್ತದೆ, ಸರಿ. ಆದರೆ ಹತ್ತು ಚೀಲದ ಹೊಲಿಗೆ ಬಿಚ್ಚುವಷ್ಟರಲ್ಲಿ ಅದರ ಅಂಚು ಅಂಗೈಗೆ ಒತ್ತಿ ಉರಿ ಹತ್ತುತ್ತದೆ. ಇದನ್ನು ಅಂಗಡಿಯಲ್ಲೇ ಪರೀಕ್ಷೆ ಮಾಡಬಹುದು. ಅಂಗಡಿಯವರ ಹತ್ತಿರ ಒಂದು ಹಳೆಯ ರಟ್ಟಿನ ಡಬ್ಬಿ ಕೇಳಿ. ಒಂದೈದು ನಿಮಿಷ ಪಟ್ಟಿ ಪಟ್ಟಿಯಾಗಿ ಕೊಯ್ಯಿರಿ. ಆಮೇಲೆ ಅಂಗೈ ಬಿಚ್ಚಿ ನೋಡಿ. ಎಲ್ಲಿ ಕೆಂಪು ಗೆರೆ ಎದ್ದಿದೆಯೋ ಅಲ್ಲಿ ಆ ಹಿಡಿ ನಿಮಗೆ ಆಗುವುದಿಲ್ಲ. ಜಾಸ್ತಿ ಒತ್ತುವುದು ಜೇಬಿಗೆ ಸಿಕ್ಕಿಸುವ ತಗಡಿನ ಕ್ಲಿಪ್ಪು. ಅದನ್ನು ತಿರುಪು ಬಿಚ್ಚಿ ತೆಗೆಯಲು ಬರುತ್ತದಾ ಕೇಳಿ. ಶಿವಮೊಗ್ಗದ ಗಾಂಧಿಬಜಾರಿನ ಗಲಾಟೆಯಲ್ಲಿ ನಿಂತು ಇಷ್ಟೆಲ್ಲ ಮಾಡಲು ಸಂಕೋಚ ಅನ್ನಿಸಬಹುದು. ಸಂಕೋಚ ಬೇಡ, ದುಡ್ಡು ಕೊಡುವವರು ನೀವು.

ಬಿಚ್ಚುವುದು, ಮಡಚುವುದು ಎರಡನ್ನೂ ನೀವೇ ಮಾಡಿ ನೋಡಿ. ಕೆಲವು ಚಾಕುಗಳ ಅಲಗಿನ ಮೇಲೆ ಉಗುರು ಸಿಕ್ಕಿಸಲು ಒಂದು ಗೀರು ಇರುತ್ತದೆ. ಸ್ಪ್ರಿಂಗ್ ಬಿಗಿಯಿದ್ದರೆ ವಯಸ್ಸಾದವರ ಉಗುರು ಮುರಿಯುತ್ತದೆ ವಿನಾ ಅಲಗು ಏಳುವುದಿಲ್ಲ. ನನ್ನ ವಯಸ್ಸಿನವರಿಗೆ ಅಲಗಿಗೆ ಸಣ್ಣ ಗುಬಟು ಇರುವುದು ಅಥವಾ ಹೆಬ್ಬೆರಳು ತೂರುವಷ್ಟು ತೂತು ಇರುವುದು ಅನುಕೂಲ. ಕೈ ಒದ್ದೆ ಮಾಡಿಕೊಂಡು ಒಮ್ಮೆ ಬಿಚ್ಚಿ ನೋಡಿ. ನಮ್ಮಲ್ಲಿ ವರ್ಷದ ನಾಲ್ಕು ತಿಂಗಳು ಕೈ ಒದ್ದೆಯೇ ಇರುತ್ತದೆ.

ಬಿಚ್ಚಿದ ಅಲಗು ತಾನಾಗಿ ಮಡಚಿಕೊಳ್ಳದ ಹಾಗೆ ತಡೆಯುವುದೇ ಲಾಕು. ಸ್ವಿಸ್ ಚಾಕುಗಳ ಪೈಕಿ ಹೆಚ್ಚಿನವಕ್ಕೆ ಲಾಕು ಇಲ್ಲ, ಬರೀ ಸ್ಪ್ರಿಂಗಿನ ಬಿಗಿ. ಹಣ್ಣಿಗೆ, ದಾರಕ್ಕೆ ಅಷ್ಟು ಸಾಕು. ಆದರೆ ಅದರಲ್ಲಿ ಏನನ್ನೂ ಚುಚ್ಚಬೇಡಿ. ಮೊನೆಗೆ ಒತ್ತಡ ಬಿದ್ದರೆ ಅಲಗು ಹಿಂದಕ್ಕೆ ಮಡಚಿಕೊಳ್ಳುತ್ತದೆ, ಕೆಳಗೆ ಇರುವುದು ನಿಮ್ಮದೇ ಬೆರಳು. ಕಡ್ಡಿ ಕೆತ್ತುವುದು, ಡ್ರಿಪ್ ಪೈಪು ಕೊಯ್ಯುವುದು ಇದ್ದವರು ಲಾಕು ಇರುವುದನ್ನೇ ತೆಗೆದುಕೊಳ್ಳಿ. ಹಿಡಿಯ ಬೆನ್ನಿನ ಮೇಲೆ ಒತ್ತಿ ಬಿಡಿಸುವ ಲಾಕು ನನಗೆ ಇಷ್ಟ. ಬಿಡಿಸುವಾಗ ಬೆರಳು ಅಲಗಿನ ದಾರಿಗೆ ಅಡ್ಡ ಬರುವುದಿಲ್ಲ. ಹಿಡಿಯ ಒಳಗಿನ ತಗಡನ್ನು ಪಕ್ಕಕ್ಕೆ ಸರಿಸುವ ಲಾಕಿನಲ್ಲಿ ಹೆಬ್ಬೆರಳು ಅಲಗಿನ ದಾರಿಯಲ್ಲೇ ಇರುತ್ತದೆ. ಅಲಗು ಸ್ವಲ್ಪ ಮಡಚುತ್ತಿದ್ದ ಹಾಗೆ ಹೆಬ್ಬೆರಳು ತೆಗೆಯುವ ಅಭ್ಯಾಸ ಆಗಬೇಕು. ಯಾವ ಚಾಕುವೇ ಆಗಲಿ, ಬಿಚ್ಚಿದ ಮೇಲೆ ಅಲಗು ಎಡಕ್ಕೆ ಬಲಕ್ಕೆ ಅಲುಗಾಡಿದರೆ ಬಿಟ್ಟುಬಿಡಿ.

ಅಲಗು ತೆಳ್ಳಗಿರಲಿ. ಬೆನ್ನು ಎರಡು ಮಿಲಿಮೀಟರ್ ಇದ್ದರೆ ಬೇಕಾದಷ್ಟಾಯಿತು. ದಪ್ಪ ಅಲಗು ನೋಡಲು ಗಟ್ಟಿಮುಟ್ಟು ಅನ್ನಿಸುತ್ತದೆ, ಆದರೆ ಅದು ಸೇಬನ್ನು ಕೊಯ್ಯುವುದಿಲ್ಲ, ಸೀಳುತ್ತದೆ. ಗರಗಸದ ಹಾಗೆ ಹಲ್ಲಿರುವುದು ತೆಂಗಿನ ನಾರಿನ ಹಗ್ಗಕ್ಕೆ ಒಳ್ಳೆಯದು, ಮನೆಯಲ್ಲಿ ಮಸೆಯುವುದು ಕಷ್ಟ. ಸುಮ್ನೆ ನೇರ ಬಾಯಿಯದೇ ಇರಲಿ.

ಮಳೆಯ ಸೀಮೆಯವರು ಉಕ್ಕಿನ ಬಗ್ಗೆ ಸ್ವಲ್ಪ ತಿಳಿದುಕೊಂಡಿರಬೇಕು. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಆಷಾಢದಲ್ಲಿ ಮನೆಯೊಳಗೆ ಮಡಚಿಟ್ಟ ಬಟ್ಟೆಗೇ ಬೂಸಲು ಹಿಡಿಯುತ್ತದೆ, ಇನ್ನು ಕಬ್ಬಿಣದ ಪಾಡು ಕೇಳಬೇಕೇ? ಸ್ಟೇನ್‌ಲೆಸ್ ಸ್ಟೀಲ್ ಅಂದರೆ ಕಡಿಮೆಯೆಂದರೂ 10.5 ಶೇಕಡಾ ಕ್ರೋಮಿಯಂ ಸೇರಿದ ಉಕ್ಕು. ಅದು ತುಕ್ಕನ್ನು ತಡೆಯುತ್ತದೆ, ಪೂರಾ ನಿಲ್ಲಿಸುವುದಿಲ್ಲ. ಕಾರ್ಬನ್ ಸ್ಟೀಲ್ ಬೇಗ ಹರಿತವಾಗುತ್ತದೆ, ಮಸೆಯುವ ಖುಷಿಯೇ ಬೇರೆ. ಆದರೆ ಹಸಿ ಅಡಿಕೆ ಕೊಯ್ದ ಕೂಡಲೇ ಅಲಗು ಕಪ್ಪಾಗುತ್ತದೆ. ಅಡಿಕೆಯ ಚೊಗರು ಕಬ್ಬಿಣದ ಜೊತೆ ಸೇರಿ ಆಗುವ ಕಪ್ಪು ಅದು, ಕೊಳೆ ಅಲ್ಲ. ಅಲಗು ಕೆಡುವುದಿಲ್ಲ, ಆದರೆ ಅದೇ ಚಾಕುವಿನಲ್ಲಿ ಹಣ್ಣು ಹೆಚ್ಚಿದರೆ ಬಣ್ಣ ಹತ್ತುತ್ತದೆ. ಒಂದೇ ಚಾಕು ಇಟ್ಟುಕೊಳ್ಳುವವರಿಗೆ ನನ್ನ ಸಲಹೆ ಸ್ಟೇನ್‌ಲೆಸ್.

ಮರದ ಹಿಡಿಗೂ ಮಳೆಗೂ ಅಷ್ಟಕ್ಕಷ್ಟೇ. ಫ್ರಾನ್ಸಿನ ಒಪಿನೆಲ್ ಚಾಕು 1890ರಿಂದ ಇದೆ, ಬೀಚ್ ಮರದ ದುಂಡನೆಯ ಹಿಡಿ. ಕೈಗೆ ಅಷ್ಟು ಹಿತವಾದ ಹಿಡಿ ಅಪರೂಪ. 1955ರಿಂದ ಅದಕ್ಕೆ ತಿರುಗಿಸುವ ಉಂಗುರದ ಲಾಕೂ ಬಂತು. ಆದರೆ ಮರ ನೀರು ಕುಡಿದು ಉಬ್ಬಿದರೆ ಅಲಗು ಒಳಗೇ ಕಚ್ಚಿಕೊಳ್ಳುತ್ತದೆ. ಬೇಸಿಗೆಯಲ್ಲಿ ಹಿಡಿಗೆ ಅಗಸೆ ಎಣ್ಣೆ ಎರಡು ಮೂರು ಸಲ ಹಚ್ಚಿ ಒಣಗಿಸಿಟ್ಟರೆ ಉಬ್ಬುವುದು ಕಡಿಮೆಯಾಗುತ್ತದೆ. ಅಷ್ಟು ಮಾಡಲು ಪುರುಸೊತ್ತಿಲ್ಲದವರಿಗೆ ಪ್ಲಾಸ್ಟಿಕ್ ಹಿಡಿಯೇ ಲೇಸು.

ಹಲಸಿನ ಹಣ್ಣಿಗೆ ಮಡಚುವ ಚಾಕು ಹಚ್ಚುವುದಾದರೆ ಮೊದಲು ಅಲಗಿಗೆ ಕೊಬ್ಬರಿ ಎಣ್ಣೆ ಸವರಿ. ಕೀಲಿನೊಳಗೆ ಸೊನೆ ಇಳಿದರೆ ತೆಗೆಯುವುದು ದೊಡ್ಡ ರಗಳೆ. ಕೀಲಿಗೆ ಮಾತ್ರ ಕೊಬ್ಬರಿ ಎಣ್ಣೆ ಬಿಡಬೇಡಿ. ಚಳಿಗೆ ಹೆಪ್ಪುಗಟ್ಟುತ್ತದೆ, ದಿನ ಕಳೆದ ಹಾಗೆ ಅಂಟಂಟಾಗಿ ಧೂಳು ಹಿಡಿಯುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಒಂದು ತೊಟ್ಟು ಬಿಟ್ಟು ನಾಲ್ಕು ಸಲ ಮಡಚಿ ಬಿಚ್ಚಿ, ಹೊರಗೆ ಬಂದದ್ದನ್ನು ಒರೆಸಿ. ಚರ್ಮದ ಚೀಲದಲ್ಲಿ ಮಳೆಗಾಲದಲ್ಲಿ ಇಡಬೇಡಿ, ಚರ್ಮ ತೇವ ಹಿಡಿದಿಟ್ಟುಕೊಳ್ಳುತ್ತದೆ.

ಮಸೆಯಲು ತಿರುಗುವ ಸಾಣೆಗೆ ಕೊಟ್ಟು ಚಾಕು ಹಾಳು ಮಾಡಿಕೊಂಡವರು ಬಹಳ. ಕಿಡಿ ಹಾರುವಷ್ಟು ಬಿಸಿಯಾದರೆ ತೆಳ್ಳಗಿನ ಬಾಯಿಯ ಹದ ಹೋಗುತ್ತದೆ, ಆಮೇಲೆ ಎಷ್ಟು ಮಸೆದರೂ ಹರಿತ ನಿಲ್ಲುವುದಿಲ್ಲ. ಒಂದು ಚಪ್ಪಟೆ ಮಸೆಗಲ್ಲು, ಸ್ವಲ್ಪ ನೀರು ಸಾಕು. ಓರೆ ಎಷ್ಟಿರಬೇಕು ಅಂತ ಕೇಳುತ್ತಾರೆ. ಒಂದು ಕಾಗದದ ಮೂಲೆಯನ್ನು ಎರಡು ಅಂಚು ಸೇರುವ ಹಾಗೆ ಮಡಚಿ, ಮತ್ತೊಮ್ಮೆ ಹಾಗೆಯೇ ಮಡಚಿ. ಸಿಗುವ ಚೂಪು ಮೂಲೆ ಇಪ್ಪತ್ತೆರಡೂವರೆ ಡಿಗ್ರಿ. ಅದನ್ನು ಕಲ್ಲಿನ ಪಕ್ಕ ಇಟ್ಟು, ಅಷ್ಟೇ ಎತ್ತರಕ್ಕೆ ಅಲಗಿನ ಬೆನ್ನು ಎತ್ತಿ, ಎರಡೂ ಕಡೆ ಸಮನಾಗಿ ಎಳೆಯಿರಿ. ಕಲ್ಲು ಇಲ್ಲದಿದ್ದರೆ ಪಿಂಗಾಣಿ ಕಪ್ಪನ್ನು ಬೋರಲು ಹಾಕಿ, ತಳದ ಹೊಳಪಿಲ್ಲದ ಉಂಗುರದ ಮೇಲೆ ಎಳೆಯಿರಿ. ಆ ಹೊತ್ತಿನ ಕೆಲಸ ನಡೆಯುತ್ತದೆ.

ಇಟ್ಟುಕೊಳ್ಳುವ ಜಾಗವೂ ಮುಖ್ಯ. ಅಂಗಿಯ ಮೇಲಿನ ಜೇಬು ಬೇಡ, ಬಗ್ಗಿದ ಕೂಡಲೇ ಹಳ್ಳಕ್ಕೆ ಬೀಳುತ್ತದೆ. ಪ್ಯಾಂಟಿನ ಜೇಬಿಗೆ ನೂರು ಗ್ರಾಂ ಒಳಗಿನದು ಆರಾಮ. ಪಂಚೆ ಉಡುವವರಿಗೆ ಎಲೆಅಡಿಕೆ ಸಂಚಿಯೇ ಸರಿಯಾದ ಜಾಗ. ಹೆಣ್ಣುಮಕ್ಕಳು ‘ನಮಗ್ಯಾಕೆ’ ಅನ್ನಬೇಡಿ. ಸೀರೆಗೆ ಜೇಬಿಲ್ಲ ನಿಜ, ಹಿಡಿಯ ತೂತಿಗೆ ಬಣ್ಣದ ದಾರ ಕಟ್ಟಿ ಕೈಚೀಲದ ಒಳಗಿನ ಖಾನೆಯಲ್ಲಿಡಿ. ಹುಲ್ಲಿನಲ್ಲಿ ಬಿದ್ದರೂ ದಾರ ಕಾಣುತ್ತದೆ. ಇನ್ನೊಬ್ಬರಿಗೆ ಕೊಡುವಾಗ ಮಡಚಿಯೇ ಕೊಡಿ.

ಕೆಲವರಿಗೆ ಪೊಲೀಸರ ಹೆದರಿಕೆ. 2016ರ ಆಯುಧ ನಿಯಮಗಳಲ್ಲಿ ಆಯುಧ ಎಂದು ಹೆಸರಿಸಿರುವುದು ಒಂಬತ್ತು ಇಂಚಿಗಿಂತ ಉದ್ದ ಅಥವಾ ಎರಡು ಇಂಚಿಗಿಂತ ಅಗಲ ಅಲಗಿನ ಚಾಕುಗಳನ್ನು. ಮನೆಗೆಲಸದ, ಕೃಷಿಯ ಸಾಮಾನನ್ನು ಅದರಿಂದ ಹೊರಗಿಟ್ಟಿದ್ದಾರೆ. ನಮ್ಮ ಮೂರು ಇಂಚಿನದು ಆ ಅಳತೆಯ ಹತ್ತಿರವೂ ಬರುವುದಿಲ್ಲ. ಹಾಗಂತ ಜಗಳದ ಜಾಗಕ್ಕೆ, ಮತ ಹಾಕಲು, ಕೋರ್ಟಿಗೆ ಹೋಗುವಾಗ ಒಯ್ಯಬೇಡಿ. ಬಟನ್ ಒತ್ತಿದರೆ ಅಲಗು ಚಿಮ್ಮುವ ಜಾತಿಯದನ್ನು ಕೊಳ್ಳಲೇಬೇಡಿ, ಮನೆಗೆಲಸಕ್ಕೆ ಅದರ ಅಗತ್ಯವಿಲ್ಲ. 2023ರಿಂದ ಶಿವಮೊಗ್ಗದ ಹತ್ತಿರದ ಸೋಗಾನೆಯಲ್ಲೇ ವಿಮಾನ ಸಿಗುತ್ತಿದೆ, ನಮ್ಮ ಕಡೆಯವರ ಓಡಾಟವೂ ಜಾಸ್ತಿಯಾಗಿದೆ. ಕೈಚೀಲದಲ್ಲಿ ಚಾಕು ಇದ್ದರೆ ತಪಾಸಣೆಯಲ್ಲಿ ತೆಗೆದಿಟ್ಟುಕೊಳ್ಳುತ್ತಾರೆ, ವಾಪಸ್ ಸಿಗುವುದಿಲ್ಲ. ಮನೆ ಬಿಡುವ ಮೊದಲೇ ಅದನ್ನು ಸಾಮಾನಿನ ಜೊತೆ ಹಾಕುವ ದೊಡ್ಡ ಸೂಟ್‌ಕೇಸಿಗೆ ಸೇರಿಸಿ.